ನಮ್ಮ ನೀರಿನಾಗ ಬಿಟ್ಟ ತಿಕೀಟು

ಸುರೇಬಾನ, ತಾ. ರಾಮದುರ್ಗ
೯-೪-೧೯೭೮

ಪ್ರೀತಿಯ ಗಂಗಪ್ಪಣ್ಣಾ, ನಿನ್ನ ತಂಗಿಯ ಜೈಭೀಮ.

ಬಾಗ್ದಾದಿನ ಬಿಸಲಾಗ ಆರಾಮ ಅದೀಯಿಲ್ಲೋ? ಹೊತ್ತಿಗೆ ಸರಿಯಾಗಿ ಉಣ್ಣತೀಯೇನು? ಅವ್ವನ ಮೊಣಕಾಲ ನೋವು ಕಡಿಮಿ ಆಗೇತಿ. ನಾವೆಲ್ಲ ಗಟ್ಟಿ ಅದೇವಿ.

ನಿನ್ನ ಪತ್ರ ಮುಟ್ಟಿತು. ಅದರ ಮ್ಯಾಲಿನ ಅಂಚೆ ತಿಕೀಟು ನೋಡಾಕ ಇಡೀ ಕೇರಿ ನಮ್ಮ ಅಂಗಳಕ್ಕ ಬಂತು. ನೀಲಿ ಹಂಚು, ಅದರಾಗ ಎಂಟು ಮೂಲಿ ಚಿಕ್ಕಿ, ಚಿಕ್ಕಿಯಿಂದ ಚಿಕ್ಕಿಗೆ ಹಬ್ಬಿದ ಬಳ್ಳಿ. ನೀನೂ ಅಲ್ಲಿ ಮಸೀದಿ ಗ್ವಾಡಿಗೆ ಇಂಥಾವ ಹಂಚು ಕೂಡಸ್ತೇನಿ ಅಂತ ಬರದಿದ್ದಿಯಲ್ಲ, ಅದಕ್ಕ ಅವ್ವ ಕಂಡಕಂಡವರಿಗೆ ತಿಕೀಟು ತೋರಿಸಿ "ನನ್ನ ಮಗನ ಕೈ" ಅಂದಳು. ನಾನೂ ತಿದ್ದಾಕ ಹೋಗಲಿಲ್ಲ.

ಸುದ್ದಿ ಕೇಳಿ ತ್ರ್ಯಂಬಕ ಮಾಸ್ತರರು ಬಂದರು. ಹೌದು, ನಮ್ಮ ಕೇರಿಗೆ. ನಿನ್ನನ್ನೂ ನನ್ನನ್ನೂ ಸಾಲಿ ಬಾಗಿಲ ಹೊರಗ ಕೂಡ್ರಿಸಿ ಕಲಿಸಿದ ಅವರೇ. ದೇಶದೇಶದ ತಿಕೀಟು ಕೂಡಿಸೂದು ಅವರ ಹುಚ್ಚು. ಭೂತಗನ್ನಡಿ ಹಿಡಿದು ನೋಡಿ, ಮಸೀದಿ ಗ್ವಾಡಿ ಮ್ಯಾಲೆ ಮನಷ್ಯಾರ ಚಿತ್ರ ತಗಿಯೂದಿಲ್ಲ, ಗೆರಿ, ಬಳ್ಳಿ, ಅಕ್ಷರದಾಗ ಎಲ್ಲಾ ಹೇಳತಾರ, ಒಂದು ಚಿಕ್ಕಿ ತಗದರ ಇಡೀ ಗ್ವಾಡಿ ಕೆಡತೈತಿ ಅಂತ ಪಾಠ ಮಾಡಿದರು. ಹಂಗಾರ ಇದರಾಗ ಮ್ಯಾಲಿನ ಚಿಕ್ಕಿ ಯಾವುದ್ರಿ, ಕೆಳಗಿನ ಚಿಕ್ಕಿ ಯಾವುದ್ರಿ ಅಂತ ಕೇಳಿದೆ. ಕನ್ನಡಿ ಒರಸಕೋತ ನಿಂತರು.

ಆಮ್ಯಾಲೆ ತಿಕೀಟು ಬೇಡಿದರು. ಲಕೋಟಿ ಮನಿಗೆ ಒಯ್ದು ನೀರಾಗ ನೆನಸಿ ಬಿಡಿಸ್ಕೋತಾರಂತ. ನಾನು ಒಳಗ ಹೋಗಿ ನಮ್ಮ ಕೊಡದ ನೀರು ಪರಾತದಾಗ ತಂದು ಅವರ ಮುಂದ ಇಟ್ಟೆ.

"ಬೇಕಂದ್ರ ಇಲ್ಲೇ ಬಿಡಿಸ್ಕೋರಿ ಸರ. ನಮ್ಮಣ್ಣ ಎಂಜಲ ಹಚ್ಚಿ ಅಂಟಿಸಿದ್ದು, ನಮ್ಮ ನೀರಾಗೇ ಬಿಡತೈತಿ."

ಮಾಸ್ತರರು ನೀರು ನೋಡಿದರು, ತಿಕೀಟು ನೋಡಿದರು, ಹೊರಳಿ ಊರ ಕಡೆ ನೋಡಿದರು. ಕಡೀಕ ಅಂಗಿ ತೋಳು ಏರಿಸಿ ಕೈ ಅದ್ದಿದರು. ಸಾವಕಾಶ ಬಿಡಿಸಿ, "ಅಂಚಿನ ಒಂದ ಹಲ್ಲೂ ಹರೀಲಿಲ್ಲವಾ" ಅಂದರು. ಅವ್ವ ಸುಮ್ಮನಿರಬೇಕಲ್ಲ, ಕೈ ಒರಸಾಕ ಸೆರಗು ಕೊಡ್ಲೇನ್ರಿ ಅಂತ ಕೇಳಿದಳು. ಕೇರಿಗೆ ಕೇರಿ ನಕ್ಕಿತು.

ಇದು ಅವರ ದೊಡ್ಡಗುಣ ಅಂತ ಊರಾಗ ಯಾರರ ಹೇಳಿದರ ನಾ ಒಪ್ಪೂದಿಲ್ಲ. ನಿನ್ನಂಥಾ ಗೌಂಡಿಗಳ ಕೆಲಸದ ಚಂದ ಅವರನ್ನ ನಮ್ಮ ಪರಾತಕ್ಕ ಬಗ್ಗಿಸಿತು. ಎದಿ ಎತ್ತಿ ಕೆಲಸ ಮಾಡಣ್ಣಾ.

ಅವ್ವನ ಆಶೀರ್ವಾದ. ಮೈ ಜ್ವಾಕಿ.

ನಿನ್ನ ತಂಗಿ,
ಮಾಯವ್ವ

ತಾ.ಕ.: ಅವ್ವ ಬಾಜೂಕ ಕುಂತಿದ್ದಳು, ಅದಕ್ಕ ಮ್ಯಾಲೆ ಬರೀಲಿಲ್ಲ. ನಾಳೆ ಮುಂಜಾನೆ ಕೇರಿಯ ಹೆಣ್ಣಮಕ್ಕಳೆಲ್ಲ ಕೊಡ ತಗೊಂಡು ಊರ ಬಾವಿಗೆ ಹೊಂಟೇವಿ. ಬಡಿಗಿ ಹಿಡಿದು ಅಡ್ಡ ನಿಂದರತೇವಿ ಅಂತ ಊರಿನವರು ಹೇಳಿ ಕಳಿಸ್ಯಾರ. ಮೊದಲ ಕೊಡ ನಂದು.