ನಾಲ್ಕು ಬೆರಳು ವೈರು

28 ಜನವರಿ 2025, ಮಂಗಳವಾರ. ಬೆಳಿಗ್ಗೆ 9.40, ಹೊಸಪೇಟೆ

ಮತ್ತೆ ತಡ. ಚೋರನೂರು ಬಿಟ್ಟಿದ್ದು ಆರೂವರೆಗೆ. ಸಂಡೂರು ದಾಟಿ ಘಾಟಿನ ತಿರುವಿನಲ್ಲಿ ಎಂಜಿನ್ ಆಫ್. ಕೆಮ್ಮಲಿಲ್ಲ, ಜಗ್ಗಲಿಲ್ಲ — ಸ್ವಿಚ್ ಒತ್ತಿದ ಹಾಗೆ ನಿಂತಿತು. ಬಾನೆಟ್ ತೆಗೆದು ಕಾದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್. ಈ ತಿಂಗಳು ಮೂರನೇ ಸಲ.

ಹೆಂಡತಿ ಜಂಬವ್ವನನ್ನು ಆಸ್ಪತ್ರೆಯೊಳಗೆ ಮಷಿನ್ನಿಗೆ ಹಾಕಿದ್ದಾರೆ. ವಾರಕ್ಕೆ ಮೂರು ಡಯಾಲಿಸಿಸ್ — ಮಂಗಳ, ಗುರು, ಶನಿ. ಎರಡು ವರ್ಷವಾಯಿತು. ನಾವು ತಡವಾದಷ್ಟು ಹೊತ್ತು ಅವಳ ಪಾಳಿಯಲ್ಲೇ ಖೋತಾ. ನರ್ಸ್ ಸುಮಲತಾ ಇವತ್ತು ಅವಳ ಎದುರಿಗೇ ಅಂದಳು: “ಲೇಟ್ ಮಾಡಬ್ಯಾಡ್ರಿ ಕಾಕಾ. ಮೈಯಾಗಿನ ನೀರು ಪೂರಾ ತೆಗ್ಯಾಕ ಆಗಂಗಿಲ್ಲ.”

ಇಪ್ಪತ್ತೆಂಟು ವರ್ಷ ಮೈನ್ಸ್ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು ನಾನು. ಡಂಪರುಗಳನ್ನೇ ದಾರಿಗೆ ತಂದವನು. 2002ರ ಈ ಮುದಿ ಕಾರು ಆಟ ಆಡಿಸುತ್ತಿದೆ.

29 ಜನವರಿ, ಅಮಾವಾಸ್ಯೆ

ಬೆಳಿಗ್ಗೆಯಿಂದ ಟೆಸ್ಟ್ ಲ್ಯಾಂಪ್ ಹಿಡಿದು ಕೂತೆ. ಒಂದು ತುದಿ ಅರ್ತಿಂಗಿಗೆ, ಸೂಜಿಯ ತುದಿ ವೈರಿಗೆ; ಕರೆಂಟ್ ಇದ್ದರೆ ಬಲ್ಬ್ ಹತ್ತುತ್ತದೆ. ಪಂಪಿಗೆ ಕರೆಂಟ್ ಇದೆ, ಇಂಜೆಕ್ಟರಿಗೂ ಇದೆ. ಕರೆಂಟ್ ಹಾಯಿಸುವ ರಿಲೇ ಮೇಲೆ ಅನುಮಾನ. ಹೊಸದು ಹಾಕಿದೆ.

ನಾನು ಏಳುವುದನ್ನೇ ಕಾಯುತ್ತಿದ್ದಳು ಜಂಬವ್ವ. ಪ್ರತಿ ಅಮಾವಾಸ್ಯೆ ಗಾಡಿ ಪೂಜೆ ತಪ್ಪಿಸುವವಳಲ್ಲ. ವಿಭೂತಿ, ಊದಿನಕಡ್ಡಿ, ನಿಂಬೆಹಣ್ಣು. ಕಾಯಿ ಒಡೆದು ನೀರನ್ನು ಎಂಜಿನ್ ಮೇಲೆ ಸುರಿದಳು. ಅವಳು ಎಳನೀರು, ಕಾಯಿನೀರು ಮುಟ್ಟಲೇಬಾರದು ಅಂತ ಡಾಕ್ಟರು ಹೇಳಿದ್ದಾರೆ.

“ನಾ ಅಂತೂ ಕುಡಿಯಂಗಿಲ್ಲ. ಇದರ ಹೊಟ್ಟಿಯಾರ ತಣ್ಣಗಿರಲಿ.”

30 ಜನವರಿ, ಗುರುವಾರ

ನಿಲ್ಲಲಿಲ್ಲ. ಎಂಟೂವರೆಗೇ ಆಸ್ಪತ್ರೆ. ರಿಲೇನೇ ಇರಬೇಕು. ಅವಳು ಪೂಜೆಯ ಫಲ ಎನ್ನುತ್ತಾಳೆ. ಅನ್ನಲಿ.

1 ಫೆಬ್ರವರಿ, ಶನಿವಾರ

ನಿಂತಿತು. ಇವತ್ತು ಕಣ್ಣಿಟ್ಟು ನೋಡಿದೆ — ಗಾಡಿ ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತು. ಪೆಟ್ರೋಲ್ ಬರುತ್ತಿದೆ. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯೇ ಗಾಡಿಯ ಕಂಪ್ಯೂಟರಿಗೆ ಮುಟ್ಟುತ್ತಿಲ್ಲ. ಸುದ್ದಿ ಇಲ್ಲದಿದ್ದರೆ ಅದು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂದ್ ಮಾಡುತ್ತದೆ.

ಒಂದು ತಾಸು ತಡ. ಅವಳನ್ನು ಒಳಗೆ ಬಿಟ್ಟು ಲಿಂಗರಾಜನ ಗ್ಯಾರೇಜಿಗೆ ಹೋದೆ. ಮೈನ್ಸಿನಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವನು. ಇಷ್ಟು ದಿನ ಹೋಗದಿರಲು ಕಾರಣವೂ ಅದೇ. ಸ್ಕ್ಯಾನರ್ ಚುಚ್ಚಿದ; ಎಂಜಿನ್ ತಿರುಗುವ ಸುದ್ದಿ ಕೊಡುವ ಕ್ರ್ಯಾಂಕ್ ಸೆನ್ಸರ್ ಎಂದು ತೋರಿಸಿತು.

“ಅಣ್ಣಾ, ಇದು ಲ್ಯಾಂಪಿಗೆ ಸಿಗಂಗಿಲ್ಲ. ವೈರಿಂಗ್ ಬಿಚ್ಚಿ ನೋಡೋಣು, ಗಾಡಿ ಎರಡು ದಿನ ಬಿಡ್ರಿ.”

ಬ್ಯಾಡ, ಸೆನ್ಸರ್ ಕೊಡು, ನಾನೇ ಹಾಕ್ತೀನಿ ಅಂದೆ.

4 ಫೆಬ್ರವರಿ, ಮಂಗಳವಾರ. ಸಂಜೆ

ತಲುಪಲೇ ಇಲ್ಲ.

ಹೊಸ ಸೆನ್ಸರ್ ಹಾಕಿಯೂ ಅದೇ ಘಾಟಿನಲ್ಲಿ ನಿಂತಿತು. ತಣ್ಣಗಾದರೂ ಏಳಲಿಲ್ಲ. ಅದಿರು ಲಾರಿಗಳು ಕೆಂಪು ಧೂಳೆಬ್ಬಿಸಿ ಹೋಗುತ್ತಿದ್ದವು, ಜಂಬವ್ವ ಸೆರಗು ಮೂಗಿಗೆ ಹಿಡಿದು ಕೂತಿದ್ದಳು. ಎಂಜಿನ್ ಎದ್ದಾಗ ಹನ್ನೊಂದೂವರೆ. ಫೋನ್ ಮಾಡಿದರೆ ಪಾಳಿ ಹೋಯಿತು, ಮಧ್ಯೆ ಬೆಡ್ ಖಾಲಿ ಇಲ್ಲ, ಇನ್ನು ಗುರುವಾರವೇ ಎಂದರು.

ನಿನ್ನೆ ಅವಳೇ ಹೇಳಿದ್ದಳು — “ಇದೊಂದು ಸಲ ರಾಯಣ್ಣನ ಬಾಡಿಗಿ ಗಾಡಿಗೆ ಹೋಗೋಣೇನ್ರಿ?” ಮನೆಯಲ್ಲಿ ಗಾಡಿ ಇದೆ, ರಿಪೇರಿ ಮಾಡುವವನೂ ಇದ್ದಾನೆ, ಬಾಡಿಗೆ ಯಾಕೆ ಅಂದಿದ್ದೆ. ಆ ಮಾತಿನ ನೋವು ತಿಂದವಳು ಅವಳು.

ಮನೆಗೆ ಬಂದು ಸೆನ್ಸರಿನ ಕನೆಕ್ಟರ್ ನೋಡಿದೆ. ಮೇಲೆಲ್ಲ ಬಿಳಿ ಪೊರೆ, ಬೆರಳಿಗೆ ಅಂಟು ಅಂಟು. ಮೂಸಿದೆ. ಹಳಸಿದ ಕಾಯಿನೀರು.

ಅಂಗಳದಿಂದಲೇ ಕೂಗಿದೆ: “ನಿನ್ನ ಪೂಜೀನ ಗಾಡಿ ಕೊಂದೈತಲೇ!”

ಹೊಸ್ತಿಲಿಗೆ ಬಂದು ನಿಂತಳು. “ನನ್ನಿಂದ ತಪ್ಪಾತು ಬಿಡ್ರಿ,” ಅಂದಳು. ಒಳಗೆ ಹೋದಳು. ಊಟ ಮಾಡಲಿಲ್ಲ.

5 ಫೆಬ್ರವರಿ, ಬುಧವಾರ. ಬೆಳಿಗ್ಗೆ 8

ಮಲಗಿದರೆ ಅವಳಿಗೆ ಉಸಿರು ಸಿಗುತ್ತಿಲ್ಲ. ಗೋಡೆಗೆ ಒರಗಿ ಕೂತಿದ್ದಾಳೆ. ಕಾಲು ಊದಿ ಕಾಲುಂಗುರ ಬಿಗಿದಿವೆ. ತೆಗೆಯಲು ಹೋದೆ, ಬ್ಯಾಡ ಅಂದಳು. ಉಸಿರಿನ ತೊಂದರೆ ಜಾಸ್ತಿಯಾದರೆ ಸೀದಾ ಬನ್ನಿ ಎಂದು ಫೋನಿನಲ್ಲಿ ಹೇಳಿದ್ದಾಳೆ ಸುಮಲತಾ. ರಾಯಣ್ಣನಿಗೆ ಗಾಡಿ ರೆಡಿ ಇಟ್ಟಿರಲು ಹೇಳಿದೆ. ಹೇಳಬೇಕಾದ ದಿನ ಹೇಳಲಿಲ್ಲ.

ಕನೆಕ್ಟರ್ ಉಜ್ಜಿ ತೊಳೆದಿದ್ದೇನೆ. ಎಂಜಿನ್ ಬಿಸಿಯಾಗುವವರೆಗೆ ಅಂಗಳದಲ್ಲೇ ಓಡಿಸಿ ನೋಡಬೇಕು.

ಅದೇ ದಿನ, ಮಧ್ಯಾಹ್ನ 3

ಮುಕ್ಕಾಲು ತಾಸಿಗೆ ನಿಂತಿತು. ಕನೆಕ್ಟರ್ ಅಲ್ಲ.

ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ, ಸೆನ್ಸರಿನ ವೈರನ್ನು ಇಂಚಿಂಚೇ ಬಗ್ಗಿಸುತ್ತ ಹೋದೆ. ಕನೆಕ್ಟರಿನಿಂದ ನಾಲ್ಕು ಬೆರಳು ದೂರದಲ್ಲಿ ಬಗ್ಗಿಸಿದರೆ ಎಂಜಿನ್ ಆಫ್. ಮತ್ತೆ ನೋಡಿದೆ. ಆಫ್. ಟೇಪ್ ಬಿಚ್ಚಿದೆ.

ವೈರಿನ ಸಿಪ್ಪೆಯ ಮೇಲೆ ಮೂರು ತೂತು. ಸೂಜಿ ಮೊನೆಯಷ್ಟು. ಕೊಯ್ದು ನೋಡಿದರೆ ಒಳಗಿನ ತಾಮ್ರವೆಲ್ಲ ಹಸಿರು ಹಿಟ್ಟು, ಎರಡೇ ಎಳೆ ಉಳಿದಿವೆ.

ತೂತು ನನ್ನವು. ದಸರೆಗೆ ಮೊದಲು ಸ್ಟಾರ್ಟಿಂಗ್ ಟ್ರಬಲ್ ಇದ್ದಾಗ, ಕಂಡ ಕಂಡ ವೈರಿಗೆಲ್ಲ ಟೇಪಿನ ಮೇಲಿಂದಲೇ ಟೆಸ್ಟ್ ಲ್ಯಾಂಪಿನ ಸೂಜಿ ಚುಚ್ಚಿದ್ದೆ. ಡಂಪರಿನ ಚಾಳಿ. ಅಲ್ಲಿ ವೈರು ಕಿರುಬೆರಳಷ್ಟು ದಪ್ಪ — ಚುಚ್ಚು, ಬಲ್ಬ್ ನೋಡು, ಮುಂದೆ ಹೋಗು. ಯಾವ ತೂತನ್ನೂ ಮುಚ್ಚಿದವನಲ್ಲ. ಕೊನೆಗೆ ಆ ಸಲದ ಫಾಲ್ಟ್ ಬ್ಯಾಟರಿ ಟರ್ಮಿನಲ್ಲಿನಲ್ಲಿತ್ತು.

ನೀರು ಸುರಿದವಳು ಅವಳೇ. ಆ ತೂತುಗಳಿಂದ ಅದನ್ನು ಒಳಗೆ ಬಿಟ್ಟುಕೊಂಡವನು ನಾನು. ಕನೆಕ್ಟರಿಗೆ ರಬ್ಬರ್ ಸೀಲ್ ಇದೆ, ಒಳಗಿನ ಪಿನ್ನುಗಳು ಹೊಳೆಯುತ್ತಿದ್ದವು. ನಿನ್ನೆಯೇ ಕಂಡಿದ್ದೆ. ಕಂಡೂ ಕೂಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸಂಜೆ 6

ಹೊಸ ವೈರು, ಬೆಸುಗೆ, ಮೇಲೆ ಸ್ಲೀವು. ಜಂಬವ್ವನ ಹತ್ತಿರ ಪಕ್ಕದ ಮನೆಯ ತುಳಸಿಯನ್ನು ಕೂರಿಸಿ, ಘಾಟಿನವರೆಗೆ ಹೋಗಿ ಬಂದೆ. ನಿಲ್ಲಲಿಲ್ಲ. ರಿಪೇರಿ ಆಯ್ತೇನ್ರಿ ಎಂದಳು ಜಂಬವ್ವ. ಹೂಂ ಅಂದೆ. ಅಷ್ಟೇ. ತೂತಿನ ವಿಷಯ ಹೇಳಲಿಲ್ಲ. ನಾಚಿಕೆಯಾಗುತ್ತದೆ.

6 ಫೆಬ್ರವರಿ, ಗುರುವಾರ. ಬೆಳಿಗ್ಗೆ 8.20

ನಲವತ್ತು ನಿಮಿಷ ಮೊದಲೇ ತಲುಪಿದೆವು. ಸೀಟಿನಲ್ಲಿ ಮುಂದಕ್ಕೆ ಬಾಗಿಯೇ ಕೂತು ಬಂದಳು. ಘಾಟಿನ ತಿರುವು ದಾಟಿದ ಮೇಲೆ ಹೇಳಿದೆ. ತಪ್ಪು ನಿನ್ನದಲ್ಲ, ನನ್ನ ಸೂಜಿಯದು ಅಂತ.

ನನ್ನ ಕಡೆ ತಿರುಗಿದಳು. ಮಾತಾಡಲೂ ಉಸಿರು ಸಾಲದು.

“ಚುಚ್ಚಿ… ಹಂಗ ಬಿಟ್ಟಿದ್ರೇನು?”

“ಹೂಂ.”

“ಸೂಜಿ ತೆಗೆದ ಮ್ಯಾಲ ಹತ್ತು ನಿಮಿಷ ಒತ್ತಿ ಹಿಡೀಬೇಕ್ರಿ. ಸುಮಲತಾ ಪ್ರತಿ ಸಲ ನನ್ನ ತೋಳಿಗೆ ಹಿಡೀತಾಳ.” ಮತ್ತೆ ಉಸಿರೆಳೆದುಕೊಂಡಳು. “ನಿಮಗೆಲ್ಲಿ ಗೊತ್ತು. ಎರಡು ವರ್ಷಾತು, ನೀವು ಹೊರಗ ಗಾಡಿ ಹತ್ರನ ನಿಂದಿರ್ತೀರಿ.”

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ.

ಮಧ್ಯಾಹ್ನ 1.25, ಒಳಗೆ

ಇವತ್ತು ನಾನು ಒತ್ತಿ ಹಿಡೀಲೇನು ಎಂದು ಕೇಳಿದೆ. ಸುಮಲತಾ ಕೈ ತೊಳೆಸಿ, ಗ್ಲೌಸು ಹಾಕಿಸಿ, ಸ್ಟೂಲ್ ಕೊಟ್ಟಳು. ಜಂಬವ್ವ ಮಲಗಿದ್ದಾಳೆ, ಬೆನ್ನು ಹಾಸಿಗೆಗೆ ಹತ್ತಿದೆ. ಉಸಿರು ಸರಾಗ.

ತೋಳಿನ ತುಂಬ ಗುರುತು. ಇಷ್ಟೆಂದು ಗೊತ್ತಿರಲಿಲ್ಲ. ಸೂಜಿ ಎರಡು, ನನ್ನ ಲ್ಯಾಂಪಿನದಕ್ಕಿಂತ ದಪ್ಪ. ಮೊದಲನೆಯದು ತೆಗೆದು, ಹತ್ತಿ ಇಟ್ಟು, ನನ್ನ ಎಡಗೈ ಬೆರಳು ಅದರ ಮೇಲಿಟ್ಟಳು. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಳಗೆ ರಕ್ತ ಗುಂಯ್ ಎಂದು ಓಡುವುದು ಬೆರಳಿಗೆ ತಿಳಿಯುತ್ತದೆ, ಕೀ ಹಾಕಿದಾಗ ಪೆಟ್ರೋಲ್ ಪಂಪಿಗೆ ಆಗುವ ಹಾಗೆ. ಜಂಬವ್ವ ಗಡಿಯಾರ ನೋಡುತ್ತಿದ್ದಾಳೆ. ಇನ್ನೂ ಆರು ನಿಮಿಷ ಅಂತೆ. ಸುಮಲತಾ ಎರಡನೆಯದನ್ನೂ ತೆಗೆಯುತ್ತಿದ್ದಾಳೆ, ಈ ಕೈಯೂ ಬೇಕಂತೆ, ಪೆನ್ನು ಕೆಳಗಿ—