ಸೊಪ್ಪು ಒಣಗುವ ಬಿಸಿಲು

ಏಪ್ರಿಲ್ 12, ಗುರುವಾರ

ಝೆರಾಕ್ಸ್ ಮಷಿನ್ ಮತ್ತೆ ಕಾಗದ ನುಂಗಿ ಕೂತಿತು. ಕೌನ್ಸಿಲ್ ಆಫೀಸಿನಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ಕಲಿತದ್ದು ಇಷ್ಟೇ: ಅದರ ಪಕ್ಕೆಗೆ ಎಲ್ಲಿ ಗುದ್ದಬೇಕು ಅಂತ.

ಮಧ್ಯಾಹ್ನ ವಿಚಾರಣಾ ಮಂಡಳಿಯಿಂದ ಫೋನ್. ಎಣ್ಣೆ ಪೈಪ್‌ಲೈನ್ ವಿಷಯ ಕೇಳಲು ನಮ್ಮೂರಿಗೂ ಬರುತ್ತಾರಂತೆ, ಕೊನೆಗೂ. ಎರಡೇ ದಿನ. ಮತ್ತೆ ಬರುವುದಿಲ್ಲ. ಆ ಎರಡು ದಿನದಲ್ಲಿ ನಾವು ಬಾಯಿಬಿಟ್ಟು ಹೇಳಿದ್ದು ದಾಖಲೆ, ಹೇಳದ್ದು ಇಲ್ಲವೇ ಇಲ್ಲ.

ಯಾವ ತಾರೀಖು ಅನುಕೂಲ ಎಂದು ಫೋನಿನಲ್ಲಿದ್ದ ಹುಡುಗಿ ಮರ್ಯಾದೆಯಿಂದಲೇ ಕೇಳಿದಳು. ಗೋಡೆಯ ಕ್ಯಾಲೆಂಡರ್ ನೋಡಿದೆ. ಚರ್ಚಿನ ಊಟ ಇಲ್ಲ. ಬಾಸ್ಕೆಟ್‌ಬಾಲ್ ಇಲ್ಲ. ಫೆರಿ ಬರುವ ದಿನವೂ ಅಲ್ಲ. ಮೇ ಏಳು, ಎಂಟು ಎಂದೆ. ಬರೆದುಕೊಂಡಳು. ನನ್ನ ಬಗ್ಗೆ ನನಗೇ ಹೆಮ್ಮೆ. ಮನೆಗೆ ಬಂದು ಹ್ಯಾಲಿಬಟ್ ಮೀನು ಹುರಿದು ತಿಂದೆ.

ಏಪ್ರಿಲ್ 29, ಭಾನುವಾರ

ಹದಿನೇಳನೇ ದಿನವೂ ಮಳೆ. ದೇವದಾರು ಮರಗಳೆಲ್ಲ ತೊಟ್ಟಿಕ್ಕುತ್ತಿವೆ. ಸ್ಮಶಾನದ ಹಿಂದೆ ಕರಡಿ ಬಂದಿತ್ತಂತೆ.

ನಮ್ಮ ವಕೀಲರ ಫೋನ್. ಎಲ್ಲರಿಗಿಂತ ಮುಖ್ಯ ಸಾಕ್ಷಿ ನನ್ನಮ್ಮನ ಅಕ್ಕ, ಎಲ್ಫ್ರೀಡಾ ದೊಡ್ಡಮ್ಮ ಅಂದರು. ಗೊತ್ತು. ಊರ ಮುಂದಿನ ಕಡಲಕಾಲುವೆಯ ಬಾಯಲ್ಲಿ ಸರಕು ಹಡಗು ಬಂಡೆಗೆ ಬಡಿದು ಮುಳುಗಿ ಎಣ್ಣೆ ಸೋರಿದ ವರ್ಷ, ದೊಡ್ಡವರಾಗಿದ್ದವರ ಪೈಕಿ ಈಗ ಉಳಿದಿರುವುದು ಅವಳೊಬ್ಬಳೇ. ನಾನಾಗ ನಾಲ್ಕು ವರ್ಷದವಳು, ಏನೂ ನೆನಪಿಲ್ಲ. ಈಗ ಪೈಪ್ ಬಂದರೆ ಅದೇ ಕಾಲುವೆಯಲ್ಲಿ, ನಮ್ಮ ಬಾಗಿಲ ಮುಂದೆ, ದಿನಕ್ಕೊಂದು ಟ್ಯಾಂಕರ್.

ದೊಡ್ಡಮ್ಮ ಆ ವರ್ಷದ ಮಾತನ್ನು ಮನೆಯಲ್ಲಿ ಒಂದು ದಿನವೂ ಎತ್ತಿದವಳಲ್ಲ. ಇವತ್ತು ಹೋಗಿ ಕೇಳಿದೆ.

"ಹೇಳ್ತೀನಿ. ಆದ್ರೆ ನಮ್ಮ ಮಾತಲ್ಲೇ ಹೇಳೋದು. ನೀನು ಪಕ್ಕದಲ್ಲಿ ಕೂತ್ಕೊಂಡು ಇಂಗ್ಲಿಷಿಗೆ ಹಾಕು."

"ಏನು ಹೇಳ್ತೀಯ ಅಂತ ಮೊದ್ಲೇ ಹೇಳಿದ್ರೆ ನಂಗೆ ಸುಲಭ ಆಗತ್ತೆ."

"ನಿಂಗೆ ಸುಲಭ ಮಾಡಕ್ಕೆ ಹುಟ್ಟಿದೀನಾ ನಾನು? ಟೀ ಕುಡಿ."

ಕುಡಿದೆ.

ಮೇ 4, ಶುಕ್ರವಾರ

ಸತ್ತೆ.

ಬೆಳಿಗ್ಗೆ ಕ್ಲೈಡ್ ಆಫೀಸಿಗೆ ಬಂದ. ದೊಡ್ಡಮ್ಮನ ಕಿರಿಮಗ, ಐವತ್ತಾದರೂ ಬಿಟ್ಟಿ ಕಾಫಿಯ ಚಾಳಿ ಬಿಟ್ಟಿಲ್ಲ. "ಅಕ್ಕಾ, ಸೋಮವಾರದಿಂದ ಕಡಲಿನ ದೊಡ್ಡ ಇಳಿತ. ರೇಡಿಯೋದಲ್ಲಿ ಬಿಸಿಲೂ ಅಂದ್ರು. ಸೊಪ್ಪು ರೆಡಿ ಇದೆ, ಅಮ್ಮ ಆಗ್ಲೇ ಚೀಲ ಒಗೆದಿಟ್ಟಿದಾಳೆ" ಎಂದ. ಕೈಯಲ್ಲಿದ್ದ ಕಾಫಿ ಕಪ್ಪು ಜಾರಿತು.

ಕ್ಯಾಲೆಂಡರ್ ನೋಡಿದ್ದೆ. ಕಡಲು ಯಾವ ದಿನ ಎಷ್ಟು ಇಳಿಯುತ್ತದೆ ಎಂದು ಬರೆದಿರುವ ಇಳಿತದ ಪುಸ್ತಕ ನೋಡಿರಲಿಲ್ಲ. ಈ ಊರಲ್ಲಿ ಹುಟ್ಟಿ, ಐವತ್ತೆಂಟು ವರ್ಷ ಈ ನೀರು ನೋಡಿ! ಕಪ್ಪು ಕಡಲಸೊಪ್ಪು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಬಂಡೆ ಬರಿದಾಗುವಷ್ಟು ಇಳಿತ ಬೇಕು, ಆಮೇಲೆ ದಿನವಿಡೀ ಬಿಸಿಲು ಬೇಕು. ಎರಡೂ ಕೂಡಿದ ದಿನ ಊರಲ್ಲಿ ಬೀಗ ಹಾಕುವವರೂ ಉಳಿಯುವುದಿಲ್ಲ. ಹೆಣ ಹೂಳುವುದನ್ನೂ ಮುಂದಕ್ಕೆ ಹಾಕಿದ್ದುಂಟು.

"ಬೇಕಂತಲೇ ಇಟ್ಟಿದಾರೆ ಕಣಕ್ಕ, ಕಳ್ಳ ನನ್ಮಕ್ಳು" ಎಂದ ಕ್ಲೈಡ್. "ಊರು ಖಾಲಿ ಇರೋ ದಿನ ನೋಡಿ ಬರೋದು, ಯಾರೂ ಬರ್ಲಿಲ್ಲ ಅಂತ ಬರ್ಕೊಂಡು ಹೋಗೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ ನನ್ನದು. "ಹೌದೇನೋ" ಎಂದೆ. ಥೂ.

ಅವನು ಹೋದ ಮೇಲೆ ಮಂಡಳಿಗೆ ಫೋನ್. ತಾರೀಖು ಬದಲಾಯಿಸಲು ಆಗುವುದಿಲ್ಲ. ವಿಮಾನ ನಿಗದಿಯಾಗಿದೆ, ಮುಂದಿನ ಊರೂ ನಿಗದಿಯಾಗಿದೆ. "ನೀವೇ ಕೊಟ್ಟ ತಾರೀಖಲ್ವಾ ಮೇಡಂ?" ಎಂದಳು ಹುಡುಗಿ.

ಮೇ 6, ಭಾನುವಾರ

ಚರ್ಚಿನಲ್ಲಿ ಅದೇ ಮಾತು. ಸರ್ಕಾರದ ಕುತಂತ್ರ, ಕಂಪನಿಯ ಕುತಂತ್ರ. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸುತ್ತಿದ್ದರು, ನಾನೂ ಆಡಿಸಿದೆ. ಮಧ್ಯಾಹ್ನಕ್ಕೆ ಮೋಡ ಹರಿಯಿತು. ಸಂಜೆಯೊಳಗೆ ಹತ್ತೊಂಬತ್ತು ದೋಣಿ ಸೊಪ್ಪಿನ ಬಂಡೆಗಳಿರುವ ಹೊರ ದ್ವೀಪಕ್ಕೆ ಹೊರಟವು. ದೊಡ್ಡಮ್ಮ ಮೊದಲನೆಯದರಲ್ಲೇ.

ಮೇ 7, ಸೋಮವಾರ, ಬೆಳಿಗ್ಗೆ 10.40

ವಿಚಾರಣೆ ನಡೆಯುವ ಊರ ಹಾಲ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಮಾಡಲು ಬೇರೆ ಕೆಲಸ ಇಲ್ಲ.

ಇನ್ನೂರು ಕುರ್ಚಿ ಹಾಕಿಸಿದ್ದೆ. ಮಂಡಳಿಯವರು ಮೂವರು. ಅಧ್ಯಕ್ಷೆ ಬಿಳಿಗೂದಲಿನವಳು, ಕನ್ನಡಕ ಒರೆಸುತ್ತಲೇ ಇದ್ದಾಳೆ. ಕಂಪನಿಯ ವಕೀಲ. ರೆಕಾರ್ಡಿಂಗಿನವರಿಬ್ಬರು. ನಮ್ಮ ಕಡೆ ನಾನು, ಪಾದ್ರಿ, ಅಂಗಡಿಯ ನಾಯಿ. ನಮ್ಮ ವಕೀಲರು ಹೊರಗೆ ನಿಂತು ಸಿಗರೇಟಿನ ಮೇಲೆ ಸಿಗರೇಟು.

ಕಂಪನಿಯ ವಕೀಲ ಎದ್ದು, "ಸ್ಥಳೀಯರು ಯಾರೂ ಹಾಜರಿಲ್ಲ ಎಂಬುದು ದಾಖಲಾಗಲಿ" ಎಂದ. ದಾಖಲಾಯಿತು. ನಾಳೆ ಮಧ್ಯಾಹ್ನ ಮೂರೂವರೆಗೆ ರೂಪರ್ಟ್ ಪಟ್ಟಣಕ್ಕೆ ಇವರ ವಿಮಾನ.

ಕಿಟಕಿಯಲ್ಲಿ ಬಿಸಿಲು. ಎಂಥ ಬಿಸಿಲು! ಮಳೆ ಬರಲಿ ದೇವರೇ ಎಂದು ಬೇಡಿಕೊಂಡೆ. ನಿಜವಾಗಿಯೂ ಬೇಡಿಕೊಂಡೆ, ಬೆರಳು ಹೆಣೆದು. ಸೊಪ್ಪಿನ ಮೇಲೆ ಮಳೆ ಬಿದ್ದರೆ ಊರಿಗೆಲ್ಲ ಒಂದು ವರ್ಷದ ಸೊಪ್ಪು ಹಾಳು. ಅದು ಗೊತ್ತಿದ್ದೇ ಬೇಡಿಕೊಂಡೆ. ನನ್ನಂಥವಳು ಈ ಊರಲ್ಲಿ ಇನ್ನೊಬ್ಬಳು ಹುಟ್ಟಿರಲಾರಳು.

ಮೇ 7, ಸಂಜೆ 6

ಪಾದ್ರಿಯ ದೋಣಿ ಕೇಳಿ ತೆಗೆದುಕೊಂಡು ದ್ವೀಪಕ್ಕೆ ಹೋದೆ. ಬಂಡೆಗಳ ತುಂಬ ಕಪ್ಪು ಚೌಕಗಳು, ಸೊಪ್ಪು ಹರಡಿ ಒಣಹಾಕಿದ್ದು. ದೊಡ್ಡಮ್ಮ ಎಂಬತ್ತರಲ್ಲೂ ಮಂಡಿಯೂರಿ ಚೌಕ ತಿರುವಿ ಹಾಕುತ್ತಿದ್ದಳು.

"ದೊಡ್ಡಮ್ಮ, ಬಾ. ಕಾಲಿಗೆ ಬೀಳ್ತೀನಿ. ಯಾರೂ ಬರ್ಲಿಲ್ಲ ಅಂತ ಬರ್ಕೊಂಡ್ರು."

"ಬರ್ಕೊಳ್ಳಲಿ. ಸೊಪ್ಪು ಉಳಿಸ್ಕೊಳ್ಳೋಕೆ ಸೊಪ್ಪು ಬಿಟ್ಟು ಬಾ ಅಂತೀಯಲ್ಲ, ಬುದ್ಧಿ ಎಲ್ಲಿಟ್ಟಿದೀಯ? ಇಂಥ ದಿನ ಇಟ್ಟೋರಿಗೆ ಹೇಳು ಹೋಗಿ."

ಇನ್ನು ತಡೆಯಲಾಗಲಿಲ್ಲ. "ಇಟ್ಟಿದ್ದು ನಾನೇ" ಎಂದೆ. ಫೋನಿನದು, ಕ್ಯಾಲೆಂಡರಿನದು, ಚರ್ಚಿನಲ್ಲಿ ತಲೆಯಾಡಿಸಿದ್ದು, ಎಲ್ಲ. ಮಳೆ ಬೇಡಿದ್ದನ್ನೂ ಹೇಳಿಬಿಟ್ಟೆ.

ದೊಡ್ಡಮ್ಮ ಕೈ ನಿಲ್ಲಿಸಿದಳು. ಬೈದಿದ್ದರೆ ವಾಸಿಯಿತ್ತು.

"ಬಾಸ್ಕೆಟ್‌ಬಾಲ್ ಇಲ್ಲ ಅಂತ ನೋಡ್ದೆ?"

"ನೋಡ್ದೆ."

"ಚರ್ಚಿನೂಟ ಇಲ್ಲ ಅಂತ?"

"ನೋಡ್ದೆ ದೊಡ್ಡಮ್ಮ."

"ಅಯ್ಯೋ ನನ್ನ ಮಗಳೇ" ಎಂದು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕೆಮ್ಮು ಬರುವವರೆಗೆ. ಆಮೇಲೆ ಒಂದು ಖಾಲಿ ಚೀಲ ನನ್ನ ಮಡಿಲಿಗೆಸೆದಳು. "ಒಣಗಿದ್ದು ತುಂಬು. ನಾಳೆದು ನಾಳೆ ನೋಡೋಣ. ಕ್ಲೈಡ್‌ಗೆ ಮಾತ್ರ ಹೇಳ್ಬೇಡ, ಸಾಯೋವರ್ಗೂ ಆಡ್ಕೋತಾನೆ."

ನಾಳೆ ಬರುತ್ತಾಳೋ ಇಲ್ಲವೋ, ಅದನ್ನು ಹೇಳಲಿಲ್ಲ. ಕೇಳುವ ಮುಖವೂ ನನಗಿರಲಿಲ್ಲ.

ಮೇ 8, ಮಂಗಳವಾರ, ಬೆಳಿಗ್ಗೆ 11

ನಾಯಿಯೂ ಬಂದಿಲ್ಲ. ಅಧ್ಯಕ್ಷೆ ಎರಡು ಸಲ ಗಡಿಯಾರ ನೋಡಿದಳು. ಬಿಸಿಲು ನಿನ್ನೆಗಿಂತ ಜೋರು. ಇವತ್ತು ಮಳೆ ಬೇಡಲಿಲ್ಲ.

ಮೇ 8, ಸಂಜೆ 7

ನೆನಪಿರುವಾಗಲೇ ಬರೆದಿಡಬೇಕು.

ಹನ್ನೆರಡೂವರೆ. ಪಾದ್ರಿ ಬಾಗಿಲಲ್ಲಿ ನಿಂತು "ಬಂದ್ರು, ಬಂದ್ರು" ಎಂದು ಕೂಗಿದರು. ಕಾಲುವೆ ತುಂಬ ದೋಣಿ. ಹತ್ತೊಂಬತ್ತೂ! ನಾನು ಶಪಿಸಿದ ಆ ಬಿಸಿಲಿಗೆ ನಿನ್ನೆಯ ಸೊಪ್ಪು ಸಂಜೆಗೇ ಗರಿಗರಿ ಒಣಗಿತ್ತು. ಇವತ್ತಿನದನ್ನು ಬೆಳಗಿನ ಇಳಿತದಲ್ಲಿ ಕಿತ್ತು, ಹರಡಿ, ಹದ್ದು ಎರಗದಂತೆ ಕಾಯಲು ಇಬ್ಬರನ್ನು ಬಿಟ್ಟು ಬಂದಿದ್ದಾರೆ. ರಬ್ಬರ್ ಬೂಟು, ಉಪ್ಪು ಹಿಡಿದ ಪ್ಯಾಂಟು, ಕಪ್ಪು ಬೆರಳು. ಇನ್ನೂರು ಕುರ್ಚಿ ಸಾಲಲಿಲ್ಲ. ಹಾಲ್ ಪೂರ್ತಿ ಸಮುದ್ರದ ವಾಸನೆ.

ದೊಡ್ಡಮ್ಮ ಸೀದಾ ಮುಂದೆ ಬಂದು ಕೂತಳು. ಅಧ್ಯಕ್ಷೆಗೆ ಇಂಗ್ಲಿಷಿನಲ್ಲೇ ಹೇಳಿದಳು. "ಮೂರಕ್ಕೆ ಸೊಪ್ಪು ತಿರುವಿ ಹಾಕ್ಬೇಕು. ಎರಡೂಕಾಲಿಗೆ ನಂಗೆ ದೋಣಿ ಹತ್ಬೇಕು. ಬೇಗ ಮುಗಿಸಿ."

ಅಧ್ಯಕ್ಷೆ ಬಾಯಿ ತೆರೆಯುವಷ್ಟರಲ್ಲಿ ಕ್ಲೈಡ್ ಎದ್ದ. ಮುಖ ಕೆಂಪು. "ಮೊದ್ಲು ಒಂದು ಉತ್ತರ ಬೇಕು. ಸೊಪ್ಪಿನ ಇಳಿತದ ದಿನವೇ ವಿಚಾರಣೆ ಇಟ್ಟೋರು ಯಾರು? ನಮ್ಮ ಬಾಯಿ ಮುಚ್ಸೋಕೆ ತಾನೆ?" ಹಿಂದಿನಿಂದ ಹೌದು ಹೌದು ಎಂಬ ಗದ್ದಲ. ಅಧ್ಯಕ್ಷೆಯ ಮುಖ ಗಟ್ಟಿಯಾಯಿತು. ಕಂಪನಿಯ ವಕೀಲ ಪೆನ್ನು ತೆಗೆದ. ನಮ್ಮ ವಕೀಲರು ಕಣ್ಣು ಮುಚ್ಚಿಕೊಂಡರು.

ಎದ್ದು ನಿಂತೆ. ಮೇಜು ಹಿಡಿದುಕೊಂಡೆ.

"ಅವ್ರಲ್ಲ. ನಾನು. ಡೆಲ್ಫೀನ್. ಫೋನಲ್ಲಿ ತಾರೀಖು ಕೊಟ್ಟಿದ್ದು ನಾನು. ಇಳಿತದ ಪುಸ್ತಕ ನೋಡ್ಲಿಲ್ಲ. ನಾಲ್ಕು ದಿನದಿಂದ ನಿಮಗೆಲ್ಲ ಸುಳ್ಳು ತಲೆ ಆಡಿಸ್ತಿದೀನಿ."

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ, "ಮುಂದಿನ ಸಲ ಕ್ರಿಸ್‌ಮಸ್ ದಿನ ಇಡಮ್ಮ!" ಎಂದರು. ಹಾಲ್ ಬಿದ್ದು ಬಿದ್ದು ನಕ್ಕಿತು. ಕ್ಲೈಡ್ ಕೂಡ ತಲೆ ಹಿಡಿದುಕೊಂಡು ನಕ್ಕ. ಅಧ್ಯಕ್ಷೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ನಿನ್ನೆಯ 'ಯಾರೂ ಹಾಜರಿಲ್ಲ' ಎಂಬುದರ ಮುಂದೆ ಕಾರಣವನ್ನೂ ಬರೆಯಿರಿ ಎಂದು ರೆಕಾರ್ಡಿಂಗಿನವರಿಗೆ ಹೇಳಿದಳು. ಎದೆಯ ಮೇಲಿಂದ ಬಂಡೆ ಇಳಿಯಿತು.

ಆಮೇಲೆ ದೊಡ್ಡಮ್ಮ. ನಮ್ಮ ಮಾತಿನಲ್ಲಿ, ನಿಧಾನಕ್ಕೆ. ನಾನು ಒಂದೊಂದೇ ವಾಕ್ಯ ಇಂಗ್ಲಿಷಿಗೆ.

"ನನ್ನಮ್ಮ ಟ್ರೈಫೀನಾ. ಸೊಪ್ಪಿಗೆ ಸಿಹಿನೀರು ಸೋಕಬಾರದು ಅನ್ನೋಳು. ಒಂದು ಹನಿ ಮಳೆ ಬಿದ್ರೂ ಆಕಾಶಕ್ಕೆ ಬೈಯೋಳು. ಹಡಗು ಮುಳುಗಿದ ವರ್ಷ ನಾವು ಕಿತ್ಕೊಂಡು ಬಂದ ಸೊಪ್ಪು ಜಿಡ್ಡು ಜಿಡ್ಡು. ಅಮ್ಮ ತೊಟ್ಟೀಲಿ ಸಿಹಿನೀರು ತುಂಬಿದ್ಳು. ಪಾತ್ರೆ ಸೋಪು ಹಾಕಿದ್ಳು."

ಇಲ್ಲಿ ನನ್ನ ಬಾಯಿ ನಿಂತಿತು. ಅಜ್ಜಿ. ಸೋಪು. ದೊಡ್ಡಮ್ಮ ನನ್ನ ಮೊಣಕಾಲು ತಟ್ಟಿದಳು. ಹೇಳಿದೆ.

"ಏಳು ಸಲ ತೊಳೆದ್ಳು. ಬಾಯಿಗಿಟ್ಕೊಂಡ್ಳು. ಉಗುಳಿದ್ಳು. ಎಲ್ಲಾನೂ ತಗೊಂಡು ಒಲೆಗೆ ಹಾಕಿದ್ಳು. ಹಸಿ ಸೊಪ್ಪು ಕಣಮ್ಮ, ಭಗ್ಗಂತ ಹತ್ಕೊಳ್ತು. ಐದು ವರ್ಷ ನಾವು ಬಂಡೆ ಮುಟ್ಲಿಲ್ಲ. ಅಮ್ಮ ಎರಡನೇ ವರ್ಷದಲ್ಲೇ ಹೋದ್ಳು. ಮತ್ತೆ ಸೊಪ್ಪು ತಿನ್ನದೇ ಹೋದ್ಳು."

ದೊಡ್ಡಮ್ಮ ಜೇಬಿನಿಂದ ಒಣಸೊಪ್ಪಿನ ತುಂಡು ತೆಗೆದು ಮಂಡಳಿಯ ಮೇಜಿನ ಮೇಲಿಟ್ಟಳು. ವಸ್ತುಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವಂತಿಲ್ಲ ಎಂದಳು ಅಧ್ಯಕ್ಷೆ, ಬೇಜಾರಿನಿಂದಲೇ.

"ಸಾಕ್ಷಿ ಅಲ್ಲ ಕಣಮ್ಮ, ತಿನ್ನು. ಊಟ ಆಗಿಲ್ಲ ನಿಂಗೆ."

ತಿಂದಳು. ಎರಡೂಕಾಲಿಗೆ ದೊಡ್ಡಮ್ಮ ದೋಣಿ ಹತ್ತಿದಳು. ಉಳಿದವರು ಮೂರೂವರೆ ದಾಟಿದರೂ ಹೇಳುತ್ತಲೇ ಇದ್ದರು. ವಿಮಾನ ಕಾಯಿತು.

ಮೇ 9, ಬುಧವಾರ

ಹತ್ತು ಗಂಟೆ ಸತ್ತಂತೆ ಮಲಗಿದ್ದೆ. ಬಾಗಿಲಿಗೆ ಯಾರೋ ಇಳಿತದ ಪುಸ್ತಕಗಳನ್ನು ನೇತುಹಾಕಿದ್ದಾರೆ. ಹನ್ನೊಂದು. ಕ್ಲೈಡ್‌ನದೇ ಕೆಲಸ. ಆಡಿಕೊಳ್ಳಲಿ.

ಮುಂದಿನ ವರ್ಷ, ಡಿಸೆಂಬರ್ 3

ಇಷ್ಟು ದಿನ ಬರೆಯಲು ಕೂತಾಗೆಲ್ಲ ಒಂದೇ ಸಾಲು: ತೀರ್ಪು ಬಂದಿಲ್ಲ. ಅದನ್ನೇ ಎಷ್ಟು ಸಲ ಬರೆಯುವುದು ಎಂದು ಬಿಟ್ಟೆ.

ಇವತ್ತು ಬಂತು. ಪೈಪ್ ಇಲ್ಲ! ಟ್ಯಾಂಕರ್ ಇಲ್ಲ! ನಮ್ಮ ವಕೀಲರು ಫೋನಲ್ಲಿ ಅಳುತ್ತಿದ್ದರು. ಬಂದರಿನಲ್ಲಿ ಎಲ್ಲ ದೋಣಿಗಳೂ ಹಾರ್ನ್ ಒತ್ತಿ ಹಿಡಿದಿವೆ, ಕಿವಿ ಹೋಗುತ್ತಿದೆ, ಹೋಗಲಿ. ನಾನೂ ಅತ್ತೆ, ಝೆರಾಕ್ಸ್ ಮಷಿನ್ ತಬ್ಬಿಕೊಂಡು. ಅದು ಇವತ್ತು ಒಂದು ಹಾಳೆಯನ್ನೂ ನುಂಗಲಿಲ್ಲ.

ಮಧ್ಯಾಹ್ನ 3

ದೊಡ್ಡಮ್ಮನ ಅಡುಗೆಮನೆ. ಕ್ಲೈಡ್ ಆಗಲೇ ಸುದ್ದಿ ಹೇಳಿದ್ದ. ಅವಳು ಕುಣಿಯಲಿಲ್ಲ. "ಕಾಗದ ತಂದ್ಯಾ? ನಂದು ಏನು ಬರೆದಿದಾರೆ?" ಎಂದಳು. ನಾನೂರು ಪುಟದಲ್ಲಿ ಹುಡುಕಿದೆ. ಇನ್ನೂರ ಹನ್ನೆರಡನೇ ಪುಟ. ನಮ್ಮ ಮಾತಿಗೆ ಹಾಕಿ ಓದಿದೆ. "ಸಾಕ್ಷಿಯ ತಾಯಿ ಟ್ರೈಫೀನಾ ಅವರು ಸೊಪ್ಪನ್ನು ಏಳು ಬಾರಿ ಸೋಪಿನಿಂದ ತೊಳೆದರೂ ಅದು ತಿನ್ನಲು ಯೋಗ್ಯವಾಗಲಿಲ್ಲ. ಮಂಡಳಿ ಇದನ್ನು ನಡೆದ ಸಂಗತಿಯೆಂದು ಒಪ್ಪುತ್ತದೆ."

"ಅಮ್ಮನ ಹೆಸರು ಇದೆಯಾ?"

ಬೆರಳಿಟ್ಟು ತೋರಿಸಿದೆ.

"ಒಪ್ಪತ್ತೆ ಅಂದ್ರೆ?"

"ನಂಬಿದಾರೆ ದೊಡ್ಡಮ್ಮ."

"ಸೋಪಿಂದೂ?"

"ಸೋಪಿಂದೂ."

ಕುರ್ಚಿ ಎಳೆದುಕೊಂಡು ಕೂತಳು. "ಆವಾಗ ಹಡಗಿನೋರು ಬಂದಿದ್ರು. ನಿಮ್ಮಮ್ಮ ಸುಳ್ಳು ಹೇಳ್ತಾಳೆ ಅಂದ್ರು. ಅಮ್ಮನ ಎದುರಿಗೇ" ಎಂದಳು. ಅದನ್ನು ಹೇಳಿದ್ದು ಐವತ್ತೈದು ವರ್ಷದಲ್ಲಿ ಮೊದಲ ಸಲ.

ಮತ್ತೆ ಓದು ಎಂದಳು. ಓದಿದೆ. ಮತ್ತೊಮ್ಮೆ ಎಂದಳು. ಈಗ ಕ್ಲೈಡ್‌ನ ಕೈಗೆ ಕೊಟ್ಟು ಓದಿಸುತ್ತಿದ್ದಾಳೆ. ಅವನು ಅಜ್ಜಿಯ ಹೆಸರಿನವರೆಗೆ ಬರುತ್ತಾನೆ, ನಿಲ್ಲುತ್ತಾನೆ, ಮತ್ತೆ ಮೊದಲಿಂದ—