ಪೂಜೆಯಾಗದ ಆಂಬುಲೆನ್ಸ್

ಪೂಜ್ಯ ಗಜಾನನ ಭಟ್ಟರಿಗೆ,

ಗ್ರಾಮ ಸೇವಾ ಸಮಿತಿಯ ಕಾರ್ಯದರ್ಶಿ ವೇದಾವತಿಯ ನಮಸ್ಕಾರ. ನಿನ್ನೆ ನೀವು ಆಸ್ಪತ್ರೆಯಲ್ಲಿ ಎದ್ದು ಕೂತು, ಗಂಜಿಗೆ ಉಪ್ಪು ಸಾಲದೆಂದು ರೇಗಿದಿರಂತೆ. ಕೇಳಿ ನಮಗೆಲ್ಲ ಹೋದ ಜೀವ ಬಂದಂತಾಯಿತು.

ಸಮಿತಿಗೆ ಉದ್ದನೆಯ ದೊಡ್ಡ ಆಂಬುಲೆನ್ಸೇ ಬೇಕೆಂದು ನೀವು ಪಟ್ಟು ಹಿಡಿದಿರಿ. ಕಾಫಿ ಮೂಟೆ ಹೊರುವ ಜೀಪು ಹೋಗುವ ಕಡೆಯೆಲ್ಲ ಅದೂ ಹೋಗಬೇಕೆಂದು ನಾನು ಹಟ ಮಾಡಿ ಚಿಕ್ಕದನ್ನು ತರಿಸಿದೆ. "ಆ ಡಬ್ಬಿಗೆ ನಾನು ಪೂಜೆ ಮಾಡೋದಿಲ್ಲ" ಎಂದು ನೀವು ಆರತಿ ತಟ್ಟೆ ಒಳಗಿಟ್ಟಿರಿ. ಗಾಡಿ ದೇವಸ್ಥಾನದ ಎದುರು ಸುಮ್ಮನೆ ನಿಂತಿತ್ತು.

ಸೋಮವಾರ ನಿಮಗೆ ಎದೆನೋವು ಬಂದಾಗ ಅದೇ ಗಾಡಿ ಕಡಿದಾದ ತಿರುವು ಇಳಿದು ನಿಮ್ಮ ಅಂಗಳಕ್ಕೇ ಬಂತು. ದೊಡ್ಡದಾಗಿದ್ದರೆ ಮೇಲಿನ ರಸ್ತೆಯಲ್ಲೇ ನಿಲ್ಲುತ್ತಿತ್ತು. "ಇದಕ್ಕಿನ್ನೂ ಪೂಜೆ ಆಗಿಲ್ಲ ಅಲ್ವಾ?" ಎಂದು ಮಲಗಿದಲ್ಲಿಂದಲೇ ಕೇಳಿದಿರಂತೆ. "ಮಂತ್ರ ನೀವು ಹೇಳಿ ಭಟ್ರೇ, ಗಾಡಿ ನಾನು ಬಿಡ್ತೀನಿ" ಎಂದನಂತೆ ಡ್ರೈವರ್ ನವೀನ. ಮಡಿಕೇರಿ ಮುಟ್ಟುವವರೆಗೂ ನೀವು ಹೇಳುತ್ತಲೇ ಇದ್ದಿರಂತೆ.

ಅದು ಪೂಜೆಯ ಲೆಕ್ಕಕ್ಕೆ ಬರುವುದಿಲ್ಲ. ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದಿಟ್ಟಿದ್ದೇವೆ. ಡಾಕ್ಟರು ಮನೆಗೆ ಹೋಗಿ ಎಂದ ದಿನ ತಿಳಿಸಿ, ಗಾಡಿ ಕಳಿಸುತ್ತೇನೆ. ಈ ಸಲ ದಯವಿಟ್ಟು ಮುಂದಿನ ಸೀಟಿನಲ್ಲಿ ಕೂತು ಬನ್ನಿ.

ಸಿಟ್ಟು ಇನ್ನೂ ಪೂರ್ತಿ ಇಳಿಯದ,
ವೇದಾವತಿ